ವಿದ್ಯುತ್ಕೋಶದ ಅಂತರಂಗ

ಬೀದರ ಜಿಲ್ಲೆಯ ಠಾಣಾ ಕುಶನೂರ ಭಾಲ್ಕಿ-ಔರಾದ ಸೀಮೆಯ ಒಂದು ಗ್ರಾಮ. ತೊಗರಿ, ಜೋಳ, ಉದ್ದು, ಕಡಲೆ, ಸೋಯಾ ಅವರೆ ಈ ಸೀಮೆಯ ಬೆಳೆಗಳು. ಸುಗ್ಗಿ ಮುಗಿದ ಮೇಲೆ ರೈತರು ದನಕರುಗಳ ಮೇವನ್ನು ಕಣದ ಅಂಚಿನಲ್ಲಿ ಬಣವೆಯಾಗಿ ಒಟ್ಟುತ್ತಾರೆ. ಅಕಾಲದಲ್ಲಿ ಮಳೆ ಬಂದು ಮೇವು ಹಸಿಯಾಗಿಯೇ ಬಣವೆ ಸೇರಿದ ವರ್ಷ ಮನೆಯ ಹಿರಿಯನಿಗೆ ನೆಮ್ಮದಿಯ ನಿದ್ರೆ ಬಾರದು. ಅವನು ದಿನಕ್ಕೊಮ್ಮೆಯಾದರೂ ಬಣವೆಯ ಬಳಿಗೆ ಹೋಗಿ, ತೋಳನ್ನು ಭುಜದವರೆಗೆ ಅದರೊಳಕ್ಕೆ ತೂರಿಸಿ, ಕಾವು ಎಷ್ಟಿದೆಯೆಂದು ನೋಡುತ್ತಾನೆ. ಜೊತೆಯಲ್ಲಿ ಬಂದ ಮೊಮ್ಮಗನು, "ಮುತ್ಯಾ, ಮ್ಯಾಲ ತಣ್ಣಗೇ ಅದಲ್ಲ, ಒಳಗ ಏನ್ ನೋಡ್ತಿ?" ಎಂದು ಕೇಳಿದರೆ, "ಬ್ಯಾನಿ ಒಳಗಿಂದ ಬರ್ತದಪ್ಪಾ, ಮ್ಯಾಲ ಕಾಣೂದ್ರಾಗ ಹೊತ್ತು ಮೀರಿರ್ತದ" ಎಂದು ಉತ್ತರ ಬರುತ್ತದೆ.

ಮುದುಕನ ಈ ಮಾತಿನಲ್ಲಿ ವಿಜ್ಞಾನವಿದೆ. ಹಸಿಮೇವಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವುಗಳ ಉಸಿರಾಟದಿಂದ ಶಾಖ ಹುಟ್ಟುತ್ತದೆ. ಬಣವೆ ಸಣ್ಣದಾಗಿದ್ದರೆ ಆ ಶಾಖ ಗಾಳಿಯಲ್ಲಿ ಕರಗಿಹೋಗುತ್ತದೆ. ದೊಡ್ಡ ಬಣವೆಯಲ್ಲಿ ಒಣಹುಲ್ಲೇ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಒಳಗಿನ ಕಾವು ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗವೂ ಏರುತ್ತದೆ. ವೇಗ ಏರಿದಂತೆ ಮತ್ತಷ್ಟು ಶಾಖ ಹುಟ್ಟುತ್ತದೆ. ಯಾರೂ ಕಿಡಿ ಹಚ್ಚದಿದ್ದರೂ ಬಣವೆ ತಾನಾಗಿ ಹೊತ್ತಿಕೊಳ್ಳುವುದು ಹೀಗೆ. ಹುಟ್ಟುವ ಶಾಖವು ಹೊರಹೋಗುವ ಶಾಖವನ್ನು ಮೀರಿದ ಗಳಿಗೆಯೇ ನಿರ್ಣಾಯಕವಾದುದು. ಆ ಗಳಿಗೆ ಬಣವೆಯ ನಡುವಿನಲ್ಲಿ ಘಟಿಸುತ್ತದೆಯೇ ಹೊರತು ಮೇಲ್ಮೈಯಲ್ಲಿ ಅಲ್ಲ.

ಇಂದು ಅದೇ ರೈತನ ಮನೆಯ ಪಡಸಾಲೆಯಲ್ಲಿ ಇಂಥದೇ ಸ್ವಭಾವದ ಇನ್ನೊಂದು ವಸ್ತು ಸೇರಿಕೊಂಡಿರಬಹುದು. ಮೊಬೈಲು ಫೋನಿನಲ್ಲಿ, ಸೌರದೀಪದಲ್ಲಿ, ವಿದ್ಯುತ್ ಸ್ಕೂಟರಿನಲ್ಲಿ ಅಡಗಿರುವ ಲಿಥಿಯಂ-ಅಯಾನು ಬ್ಯಾಟರಿಯೇ ಆ ವಸ್ತು. ಅದೂ ಪದರ ಪದರವಾಗಿ ಒಟ್ಟಿದ ಬಣವೆ. ಅದರ ಬೇನೆಯೂ ಒಳಗಿನಿಂದಲೇ ಬರುವಂಥದು. ಆದರೆ ಬಣವೆಗೆ ತೋಳು ತೂರಿಸಬಹುದು. ಲೋಹದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿದ ಬ್ಯಾಟರಿಗೆ ತೋಳು ತೂರಿಸುವುದೆಂತು?

ಪ್ರಶ್ನೆಯ ಕಠಿನತೆಯನ್ನು ಅರಿಯಬೇಕಾದರೆ ವಿದ್ಯುತ್ಕೋಶದ ರಚನೆಯನ್ನು ತಿಳಿಯಬೇಕು. ತಾಮ್ರದ ಒಂದು ತೆಳುಹಾಳೆಗೆ ಗ್ರಾಫೈಟನ್ನು ಲೇಪಿಸಲಾಗಿರುತ್ತದೆ; ಅದು ಋಣಧ್ರುವ. ಅಲ್ಯುಮಿನಿಯಂ ಹಾಳೆಯೊಂದಕ್ಕೆ ಲಿಥಿಯಂ ಹಾಗೂ ಇತರ ಲೋಹಗಳನ್ನೊಳಗೊಂಡ ಸಂಯುಕ್ತವನ್ನು ಲೇಪಿಸಲಾಗಿರುತ್ತದೆ, ಅದು ಧನಧ್ರುವ. ಇವೆರಡೂ ಒಂದನ್ನೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ಕಿನ ಒಂದು ಸಚ್ಛಿದ್ರ ಪೊರೆ ಇರುತ್ತದೆ. ಮೂರನ್ನೂ ಒಂದರ ಮೇಲೊಂದಿಟ್ಟು ಚಾಪೆ ಸುತ್ತಿದಂತೆ ಸುತ್ತಿ, ಡಬ್ಬಿಗೆ ಇಳಿಸಿ, ಲಿಥಿಯಂ ಲವಣ ಕರಗಿರುವ ವಿದ್ಯುದ್ವಿಭಾಜ್ಯ ದ್ರವವನ್ನು ತುಂಬುತ್ತಾರೆ. ವಿದ್ಯುತ್ ತುಂಬುವಾಗ ಲಿಥಿಯಂ ಅಯಾನುಗಳು ಧನಧ್ರುವದಿಂದ ಹೊರಟು ಪೊರೆಯ ರಂಧ್ರಗಳನ್ನು ದಾಟಿ ಗ್ರಾಫೈಟಿನ ಪದರಗಳ ನಡುವೆ ನೆಲೆಸುತ್ತವೆ. ವಿದ್ಯುತ್ತನ್ನು ಬಳಸುವಾಗ ಹಿಂದಿರುಗುತ್ತವೆ. ಈ ಹೋಗಿಬರುವಿಕೆಯೇ ಕೋಶದ ಜೀವ. ಬಹುಬಳಕೆಯ ಒಂದು ಬಗೆಯ ಕೋಶವು 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಎತ್ತರದ ಉರುಳೆಯಾಗಿರುತ್ತದೆ. ಕೈಬೆರಳಿಗಿಂತ ತುಸು ದಪ್ಪ. ಒಂದು ಸ್ಕೂಟರಿನ ಪೆಟ್ಟಿಗೆಯಲ್ಲಿ ಇಂಥ ನೂರಾರು ಕೋಶಗಳಿರಬಹುದು.

ಈ ಕೋಶವನ್ನು ರೂಪಿಸಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಂ, ಜಾನ್ ಗುಡ್‌ಇನಫ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಿಕ ದೊರೆಯಿತು. ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಇದನ್ನು ಮೊದಲಬಾರಿಗೆ ಮಾರುಕಟ್ಟೆಗೆ ತಂದಿತು. 1997ರಲ್ಲಿ ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಅವರು ಕಬ್ಬಿಣದ ಫಾಸ್ಫೇಟನ್ನು ಧನಧ್ರುವವಾಗಿ ಬಳಸಬಹುದೆಂದು ತೋರಿಸಿಕೊಟ್ಟರು. ಅಮೆರಿಕದಲ್ಲಿ ನಡೆದ ಆ ಸಂಶೋಧನೆಯ ಲೇಖಕರ ಸಾಲಿನಲ್ಲಿ ಕನ್ನಡಿಗರ ಕಿವಿಗೆ ಪರಿಚಿತವಾದ ಹೆಸರೊಂದು ಕಾಣುವುದು ಸಂತೋಷದ ಸಂಗತಿ. ಕಬ್ಬಿಣದ ಫಾಸ್ಫೇಟ್ ಕಾದಾಗ ಸುಲಭವಾಗಿ ಆಮ್ಲಜನಕವನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ ಅಂಥ ಕೋಶಗಳು ಹೆಚ್ಚು ಸುರಕ್ಷಿತ. ಹೆಚ್ಚು ಸುರಕ್ಷಿತವೆಂದರೆ ಪೂರ್ಣ ನಿರಪಾಯಕಾರಿ ಎಂದು ಅರ್ಥವಲ್ಲ.

ಅಪಾಯದ ಮೂಲವೇನು? ಕೋಶದ ದ್ರವವು ಹೊತ್ತಿ ಉರಿಯುವ ಸಾವಯವ ದ್ರವ. ಧ್ರುವಗಳನ್ನು ಬೇರ್ಪಡಿಸುವ ಪೊರೆಯ ದಪ್ಪ ಸುಮಾರು 20 ಮೈಕ್ರಾನು, ಎಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ತಯಾರಿಕೆಯಲ್ಲಿ ಲೋಹದ ಒಂದು ಕಣ ಒಳಗೆ ಉಳಿದರೂ ಆ ಪೊರೆ ಹರಿಯಬಹುದು. ಅತಿವೇಗವಾಗಿ ವಿದ್ಯುತ್ ತುಂಬಿದಾಗ, ಅಥವಾ ತೀವ್ರ ಚಳಿಯಲ್ಲಿ ತುಂಬಿದಾಗ, ಗ್ರಾಫೈಟಿನೊಳಗೆ ಎಡೆ ಸಿಗದ ಲಿಥಿಯಂ ಅದರ ಮೇಲೆಯೇ ಲೋಹವಾಗಿ ಕೂಡುತ್ತದೆ. ಕೆಲವೊಮ್ಮೆ ಮುಳ್ಳಿನಂತೆ ಬೆಳೆದು ಪೊರೆಯನ್ನು ಚುಚ್ಚುತ್ತದೆ. ಎರಡು ಧ್ರುವಗಳು ಒಳಗೇ ತಾಗಿದರೆ ಆ ಬಿಂದುವಿನಲ್ಲಿ ಕಾವು ಏರುತ್ತದೆ. ಸುಮಾರು 80ರಿಂದ 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗ್ರಾಫೈಟಿನ ಮೇಲಿನ ರಕ್ಷಕ ಪದರ ಒಡೆಯತೊಡಗುತ್ತದೆ. 130 ಡಿಗ್ರಿಯ ಆಸುಪಾಸಿನಲ್ಲಿ ಪಾಲಿಥಿನ್ ಪೊರೆ ಕರಗುತ್ತದೆ. ಇನ್ನೂ ಮೇಲೇರಿದರೆ ಕೆಲವು ಬಗೆಯ ಧನಧ್ರುವಗಳು ಆಮ್ಲಜನಕವನ್ನು ಹೊರಬಿಡುತ್ತವೆ. ಉರಿಯುವ ದ್ರವ, ಕಾವು, ಆಮ್ಲಜನಕ ಮೂರೂ ಒಂದೇ ಡಬ್ಬಿಯಲ್ಲಿ ಕೂಡಿದ ಮೇಲೆ ಹೊರಗಿನ ಗಾಳಿಯನ್ನು ತಡೆದು ಬೆಂಕಿ ಆರಿಸುವೆನೆಂಬುದು ವ್ಯರ್ಥಪ್ರಯತ್ನ. ಒಂದು ಕೋಶದ ಶಾಖ ನೆರೆಯ ಕೋಶವನ್ನು ಕಾಯಿಸುತ್ತದೆ. ಅದು ಅದರ ನೆರೆಯದನ್ನು.

2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ ನಗರದ ವಿಮಾನ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 787 ವಿಮಾನವೊಂದು ಬಂದು ನಿಂತಿತ್ತು. ಪ್ರಯಾಣಿಕರೆಲ್ಲ ಇಳಿದುಹೋಗಿದ್ದರು. ಒಳಗೆ ಕಸ ಗುಡಿಸುತ್ತಿದ್ದ ಕೆಲಸಗಾರರು ಹಿಂಭಾಗದಲ್ಲಿ ಹೊಗೆಯನ್ನು ಕಂಡರು. ಎಂಟು ದೊಡ್ಡ ಕೋಶಗಳಿದ್ದ ಲಿಥಿಯಂ-ಅಯಾನು ಬ್ಯಾಟರಿಯೊಂದು ಬೆಂದುಹೋಗಿತ್ತು. ಅದಾದ ಒಂಬತ್ತು ದಿನಗಳಲ್ಲಿ, ಜನವರಿ 16ರಂದು, ಜಪಾನಿನಲ್ಲಿ ಅದೇ ಮಾದರಿಯ ಮತ್ತೊಂದು ವಿಮಾನ ಇದೇ ಬಗೆಯ ತೊಂದರೆಯಿಂದ ತುರ್ತಾಗಿ ನೆಲಕ್ಕಿಳಿಯಬೇಕಾಯಿತು. ಲೋಕದಾದ್ಯಂತ ಆ ಮಾದರಿಯ ವಿಮಾನಗಳ ಹಾರಾಟವನ್ನು ನಿಲ್ಲಿಸಲಾಯಿತು. ಏರ್ ಇಂಡಿಯಾದ 6 ವಿಮಾನಗಳೂ ಅವುಗಳಲ್ಲಿ ಸೇರಿದ್ದುವು. ಬಾಸ್ಟನ್ ಪ್ರಕರಣದ ವಿಚಾರಣೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು 2014ರಲ್ಲಿ ವರದಿ ಕೊಟ್ಟಿತು. ಒಂದು ಕೋಶದ ಒಳಗೆ ಧ್ರುವಗಳು ತಾಗಿದುದೇ ಅನಾಹುತದ ಮೊದಲೆಂದು ಅದು ನಿರ್ಧರಿಸಿತು. ಕೋಶಗಳ ಉಷ್ಣತೆಯನ್ನು ಹೆಚ್ಚು ನಿಖರವಾಗಿ ಅಳೆಯುವ ಏರ್ಪಾಡಿದ್ದರೆ ಒಂದೆಡೆ ಹುಟ್ಟುವ ಕಾವನ್ನು ಸಕಾಲದಲ್ಲಿ ಕಂಡುಕೊಳ್ಳಲು ನೆರವಾಗಬಹುದೆಂಬ ಅಭಿಪ್ರಾಯವೂ ಅದರಲ್ಲಿದೆ. ಅತ್ಯಾಧುನಿಕ ವಿಮಾನದಲ್ಲಿ ಹೊಗೆಯನ್ನು ಮೊದಲು ಕಂಡವರು ಪೊರಕೆ ಹಿಡಿದ ಕೆಲಸಗಾರರೆಂಬುದು ಚಿಂತನೆಗೆ ಈಡುಮಾಡುವ ಸಂಗತಿ.

ಭಾರತದಲ್ಲಿ 2022ರ ಬೇಸಗೆಯಲ್ಲಿ ಹಲವು ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡುವು. ಕೇಂದ್ರ ಸರಕಾರವು ತಜ್ಞರ ಸಮಿತಿಯನ್ನು ನೇಮಿಸಿತು. ಅದೇ ವರ್ಷದ ಕೊನೆಯಿಂದ ಹಂತ ಹಂತವಾಗಿ ಬ್ಯಾಟರಿಗಳ ಪರೀಕ್ಷಾ ನಿಯಮಗಳು ಬಿಗಿಯಾದುವು. ಹಗಲೆಲ್ಲ ದುಡಿದ ಸ್ಕೂಟರನ್ನು ರಾತ್ರಿ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ, ವಿದ್ಯುತ್ ತುಂಬಲು ಹಚ್ಚಿ, ಅದರ ಪಕ್ಕದಲ್ಲಿಯೇ ಮಕ್ಕಳು ಮರಿ ಮಲಗುವ ದೇಶದಲ್ಲಿ ಇದು ಕೇವಲ ಯಂತ್ರವಿಜ್ಞಾನದ ಪ್ರಶ್ನೆಯಲ್ಲ.

ಬ್ಯಾಟರಿಯ ಪೆಟ್ಟಿಗೆಯಲ್ಲಿ ಕಾವಲುಗಾರರೇ ಇಲ್ಲವೆಂದಲ್ಲ. ಪ್ರತಿಯೊಂದು ಪೆಟ್ಟಿಗೆಯಲ್ಲೂ ಒಂದು ನಿಯಂತ್ರಕ ಫಲಕವಿರುತ್ತದೆ. ಅದು ಕೋಶಗಳ ವೋಲ್ಟೇಜನ್ನು ಅಳೆಯುತ್ತದೆ; ಹರಿಯುವ ವಿದ್ಯುತ್ತನ್ನು ಅಳೆಯುತ್ತದೆ; ಅಲ್ಲಲ್ಲಿ ಕೋಶಗಳ ಹೊರಮೈಗೆ ಅಂಟಿಸಿದ ಕೆಲವೇ ಉಷ್ಣಸಂವೇದಕಗಳಿಂದ ಕಾವನ್ನು ತಿಳಿದುಕೊಳ್ಳುತ್ತದೆ. ಕೊರತೆಯಿರುವುದು ಇಲ್ಲಿಯೇ. ಸುರುಳಿ ಸುತ್ತಿದ ಪದರಗಳಲ್ಲಿ ಶಾಖವು ಹಾಳೆಗಳ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ. ಹಾಳೆಗಳನ್ನು ಅಡ್ಡಲಾಗಿ ದಾಟುವಾಗ ಅದರ ಹತ್ತರಲ್ಲಿ ಒಂದು ಭಾಗದಷ್ಟು ಸರಾಗವಾಗಿಯೂ ಹರಿಯಲಾರದು. ಪೊರೆಯ ಮೇಲೆ ಪೊರೆ ಅಡ್ಡ ಬರುತ್ತದೆ. ಆದ್ದರಿಂದ ರಭಸವಾಗಿ ವಿದ್ಯುತ್ ತುಂಬುವಾಗ ಕೋಶದ ನಡುಭಾಗವು ಹೊರಮೈಗಿಂತ 10 ಡಿಗ್ರಿಗೂ ಹೆಚ್ಚು ಬಿಸಿಯಾಗಿರಬಹುದು. ಹೊರಮೈಯ ಸಂವೇದಕವು ಸುಳ್ಳು ಹೇಳುವುದಿಲ್ಲ. ಆದರೆ ತಡವಾಗಿ ಹೇಳುತ್ತದೆ, ಕಡಿಮೆ ಮಾಡಿ ಹೇಳುತ್ತದೆ.

ಒಳಗನ್ನು ನೋಡಬೇಕಾದರೆ ಒಳಗೆ ದಾರಿ ಇರಬೇಕು, ಆ ದಾರಿಯನ್ನು ಕಟ್ಟುವಾಗಲೇ ಇರಿಸಬೇಕು. ಬೀದರದವರಿಗೆ ಈ ಮಾತು ಹೊಸತಲ್ಲ. ಬೀದರ ನಗರದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, 15ನೆಯ ಶತಮಾನದ, ಸುರಂಗ ಕಾಲುವೆಯೊಂದಿದೆ. ಅದನ್ನು ಕರೇಜ್ ಎಂದು ಕರೆಯುತ್ತಾರೆ. ನೆಲದಡಿಯಲ್ಲಿ ಕೆಂಪು ಕಲ್ಲನ್ನು ಕೊರೆದು ನೀರನ್ನು ದೂರಕ್ಕೆ ಒಯ್ದ ಈ ಕಾಲುವೆಯುದ್ದಕ್ಕೂ ಅಲ್ಲಲ್ಲಿ ನೆಲದಿಂದ ನೇರವಾಗಿ ಇಳಿಯುವ ಬಾವಿಗಳಿವೆ. ಇಂಥ ಕಾಲುವೆಗಳನ್ನು ಕಟ್ಟುವವರು ಮೊದಲು ಬಾವಿಗಳನ್ನು ತೋಡುತ್ತಿದ್ದರು. ಅವುಗಳ ಮೂಲಕವೇ ಒಳಗಿಳಿದು ಸುರಂಗವನ್ನು ಕೊರೆದು, ಕಲ್ಲುಮಣ್ಣನ್ನು ಮೇಲಕ್ಕೆ ಸಾಗಿಸುತ್ತಿದ್ದರು. ಕೆಲಸ ಮುಗಿದ ಮೇಲೂ ಬಾವಿಗಳನ್ನು ಮುಚ್ಚುತ್ತಿರಲಿಲ್ಲ. ಒಳಗೆ ನೀರು ಎಷ್ಟು ಹರಿಯುತ್ತಿದೆ, ಎಲ್ಲಿ ಹೂಳು ತುಂಬಿದೆ ಎಂಬುದನ್ನು ಅವುಗಳಿಂದಲೇ ಇಣುಕಿ ನೋಡಬಹುದಾಗಿತ್ತು. ಸುರಂಗ ಮುಗಿದ ಮೇಲೆ ಎಲ್ಲೆಂದರಲ್ಲಿ ರಂಧ್ರ ಕೊರೆಯಹೋದರೆ ಛಾವಣಿಯೇ ಕುಸಿದೀತು.

ವಿದ್ಯುತ್ಕೋಶಕ್ಕೂ ಇದೇ ಮಾತು ಒಪ್ಪುತ್ತದೆ. ತಯಾರಾದ ಕೋಶಕ್ಕೆ ರಂಧ್ರ ಕೊರೆದು ಸಂವೇದಕವನ್ನು ಇಳಿಸಬಹುದು. ಪ್ಯಾರಿಸ್ಸಿನ ಜೀನ್-ಮೇರಿ ತರಾಸ್ಕಾನ್ ಮತ್ತು ಅವರ ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಗೆಯೇ ಮಾಡಿದ್ದರು. ಸುರುಳಿಯ ನಟ್ಟನಡುವೆ ಉಳಿಯುವ ಟೊಳ್ಳು ಜಾಗಕ್ಕೆ ಕೂದಲೆಳೆಯಂಥ ಗಾಜಿನ ಎಳೆಯನ್ನು ಇಳಿಸಿ, ರಂಧ್ರವನ್ನು ಅಂಟಿನಿಂದ ಮುಚ್ಚಿದ್ದರು. ಪ್ರಯೋಗಶಾಲೆಯಲ್ಲಿ ಕೆಲವು ಕೋಶಗಳಿಗೆ ಇದು ಸಾಧ್ಯ. ಲಕ್ಷಗಟ್ಟಲೆ ಕೋಶಗಳನ್ನು ಹೊರತರುವ ಕಾರ್ಖಾನೆಯಲ್ಲಿ, ಒಳಗೆ ಗಾಳಿಯ ತೇವ ನುಗ್ಗದಂತೆ, ಲೋಹದ ಪುಡಿ ಬೀಳದಂತೆ ಒಂದೊಂದನ್ನೂ ಕೊರೆಯುವುದು ಸಲ್ಲದ ಮಾತು. ಸಂವೇದಕವು ಕೋಶದೊಡನೆಯೇ ಹುಟ್ಟಬೇಕು.

ಈ ಗಾಜಿನ ಎಳೆ ಕಾವನ್ನು ಅರಿಯುವ ಬಗೆ ಸೊಗಸಾದುದು. ದೂರವಾಣಿಯ ಸಂದೇಶಗಳನ್ನು ಬೆಳಕಿನ ರೂಪದಲ್ಲಿ ಒಯ್ಯುವ ಎಳೆಯೇ ಇದು. ಇದರ ವ್ಯಾಸ 125 ಮೈಕ್ರಾನು. ಕೆನಡಾ ದೇಶದ ಒಟ್ಟಾವಾದಲ್ಲಿ ಕೆನೆತ್ ಹಿಲ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಒಂದು ವಿಶೇಷವನ್ನು ಕಂಡುಹಿಡಿದರು. ಎಳೆಯೊಳಗಿನ ಗಾಜಿನ ಗುಣವನ್ನು ಬೆಳಕಿನಿಂದಲೇ ಬದಲಿಸಿ, ಕಂಬಳಿಯ ಪಟ್ಟೆಗಳಂತೆ ಸಮದೂರದ ಗೆರೆಗಳನ್ನು ಮೂಡಿಸಬಹುದೆಂಬುದೇ ಅದು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಎಳೆಗಳಲ್ಲಿ ಗೆರೆಗೂ ಗೆರೆಗೂ ನಡುವಣ ದೂರ ಸುಮಾರು ಅರ್ಧ ಮೈಕ್ರಾನು. ಇಂಥ ಗೆರೆಗಳ ಗುಚ್ಛವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದೇ ಒಂದು ತರಂಗಾಂತರವನ್ನು ಹಿಂದಕ್ಕೆ ಪ್ರತಿಫಲಿಸಿ, ಉಳಿದೆಲ್ಲವನ್ನೂ ಮುಂದಕ್ಕೆ ಬಿಡುತ್ತದೆ. ಎಳೆ ಕಾದರೆ ಗೆರೆಗಳ ನಡುವಣ ದೂರವೂ ಗಾಜಿನ ಗುಣವೂ ತುಸು ಬದಲಾಗುತ್ತವೆ. ಹಿಂದಿರುಗುವ ತರಂಗಾಂತರವೂ ಅದಕ್ಕೆ ತಕ್ಕಂತೆ ಸರಿಯುತ್ತದೆ. ಒಂದು ಡಿಗ್ರಿಗೆ ಈ ಸರಿತ ಹತ್ತು ಲಕ್ಷದಲ್ಲಿ ಆರೇಳು ಭಾಗ ಮಾತ್ರ. ಅಷ್ಟನ್ನೂ ಅಳೆಯಬಲ್ಲ ಉಪಕರಣಗಳು ಇಂದು ಇವೆ. ಗೆರೆಗಳ ದೂರವನ್ನು ಬೇರೆ ಬೇರೆಯಾಗಿರಿಸಿ ಒಂದೇ ಎಳೆಯಲ್ಲಿ ಹಲವು ಗುಚ್ಛಗಳನ್ನು ಮೂಡಿಸಿದರೆ ಕೋಶದ ತಳ, ನಡು, ತುದಿಗಳ ಕಾವನ್ನು ಪ್ರತ್ಯೇಕವಾಗಿ ತಿಳಿಯಬಹುದು. ಗಾಜು ವಿದ್ಯುದ್ವಾಹಕವಲ್ಲ. ಆದುದರಿಂದ ಲೋಹದ ತಂತಿಯಂತೆ ಧ್ರುವಗಳನ್ನು ಕೂಡಿಸಿ ಅನಾಹುತಕ್ಕೆ ತಾನೇ ಕಾರಣವಾಗುವ ಭಯವಿಲ್ಲ.

ಆದರೆ ಎಳೆಯನ್ನು ಎಳೆದರೂ ಗೆರೆಗಳ ದೂರ ಬದಲಾಗುತ್ತದೆ. ವಿದ್ಯುತ್ ತುಂಬಿದಾಗ ಧ್ರುವಗಳು ಉಬ್ಬುತ್ತವೆ, ಖಾಲಿಯಾದಾಗ ಕುಗ್ಗುತ್ತವೆ. ಹೀಗಿರುವಾಗ ತರಂಗಾಂತರ ಸರಿದುದು ಕಾವಿನಿಂದಲೋ ಎಳೆತದಿಂದಲೋ ಎಂಬ ಸಂದೇಹ ಏಳುವುದು ಸಹಜ. ಒಂದು ಗುಚ್ಛವನ್ನು ಸಣ್ಣ ಕೊಳವೆಯೊಳಗೆ ಸಡಿಲವಾಗಿರಿಸಿ ಎಳೆತ ತಾಗದಂತೆ ಮಾಡಿ, ಇನ್ನೊಂದನ್ನು ಬಿಗಿಯಾಗಿರಿಸಿ, ಎರಡರ ವ್ಯತ್ಯಾಸದಿಂದ ನಿಜವನ್ನು ತಿಳಿಯುತ್ತಾರೆ. ದೋಷವೆನಿಸಿದುದೇ ಇಲ್ಲಿ ಲಾಭವಾಯಿತು. ಕಾವಿನೊಡನೆ ಉಬ್ಬರವೂ ತಿಳಿಯಿತು.

ಈ ವಿದ್ಯೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ತಂಡವು ಇಂಥ ಗೆರೆಗಳುಳ್ಳ ಎಳೆಗಳನ್ನು ಕುರಿತು ಬಹುಕಾಲ ಕೆಲಸ ಮಾಡಿದೆ. ಮಣಿಕಟ್ಟಿನ ಮೇಲೆ ಎಳೆಯನ್ನಿರಿಸಿ ನಾಡಿಯ ಮಿಡಿತವನ್ನು ದಾಖಲಿಸುವ ಉಪಕರಣವನ್ನು ಆ ತಂಡ ರೂಪಿಸಿತು. ವೈದ್ಯನು ಬೆರಳಿನಿಂದ ಅರಿಯುವ ನಾಡಿಯನ್ನು ಬೆಳಕು ಅರಿಯಬಲ್ಲದಾದರೆ, ಲೋಹದ ಡಬ್ಬಿಯೊಳಗಿನ ಉಬ್ಬು ತಗ್ಗುಗಳನ್ನೂ ಅದು ಅರಿಯಬಲ್ಲದೆಂಬುದರಲ್ಲಿ ಆಶ್ಚರ್ಯವೇನಿಲ್ಲ. ಬೆಂಗಳೂರನ್ನೇ ಕರ್ಮಭೂಮಿಯಾಗಿ ಮಾಡಿಕೊಂಡ ಸಿ. ವಿ. ರಾಮನ್ ಅವರು 1928ರಲ್ಲಿ ಕಲಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವೂ ಈಗ ಈ ಕ್ಷೇತ್ರಕ್ಕೆ ಬಂದಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಳಗೆ ಟೊಳ್ಳಾದ ಗಾಜಿನ ಎಳೆಯ ಮೂಲಕ ಕೋಶದ ದ್ರವವನ್ನು ಸೆಳೆದು, ಅದು ಕೆಲಸ ಮಾಡುತ್ತಿರುವಾಗಲೇ ಅದರ ರಾಸಾಯನಿಕ ಬದಲಾವಣೆಗಳನ್ನು ರಾಮನ್ ಪರಿಣಾಮದಿಂದ ಗುರುತಿಸಿದರು. ಇದು 2022ರಲ್ಲಿ ಪ್ರಕಟವಾಯಿತು. ಕಾವು ಏರುವುದಕ್ಕೂ ಮೊದಲೇ ದ್ರವ ಕೆಡತೊಡಗಿದುದನ್ನು ತಿಳಿಯುವ ದಾರಿ ಇದರಿಂದ ತೆರೆದಂತಾಗಿದೆ.

ಕಾರ್ಖಾನೆಯಲ್ಲಿ ಸಂವೇದಕವನ್ನು ಯಾವ ಹಂತದಲ್ಲಿ ಇಡಬೇಕು? ಮೊದಲು ಧ್ರುವದ್ರವ್ಯವನ್ನು ಹಿಟ್ಟಿನಂತೆ ಕಲಸಿ ಹಾಳೆಗೆ ಬಳಿದು ಒಣಗಿಸುತ್ತಾರೆ. ಅನಂತರ ಭಾರವಾದ ಉರುಳೆಗಳ ನಡುವೆ ಒತ್ತುತ್ತಾರೆ. ಈ ಒತ್ತಡಕ್ಕೆ ಸಿಕ್ಕಿದರೆ ಗಾಜಿನ ಎಳೆ ಪುಡಿಯಾಗುತ್ತದೆ. ಹಾಳೆಗಳನ್ನು ಸುತ್ತುವಾಗ ಅವುಗಳ ನಡುವೆ ಎಳೆಯನ್ನು ಸೇರಿಸಬಹುದು. ಆಗ ಬೇರೊಂದು ತೊಡಕು ತಲೆದೋರುತ್ತದೆ. ಪೊರೆಯ ದಪ್ಪ 20 ಮೈಕ್ರಾನಾದರೆ ಎಳೆಯ ದಪ್ಪ 125 ಮೈಕ್ರಾನು; ಪೊರೆಯ ಆರು ಪಟ್ಟಿಗೂ ಮಿಗಿಲು. ಹಾಸಿಗೆಯಡಿ ಸಿಕ್ಕಿಕೊಂಡ ಹಗ್ಗದಂತೆ ಅದು ಪದರಗಳನ್ನು ಎತ್ತಿ ಹಿಡಿಯುತ್ತದೆ. ಅಲ್ಲಿ ಅಯಾನುಗಳ ಹರಿವು ಏರುಪೇರಾಗಿ, ಯಾವುದನ್ನು ತಡೆಯಬೇಕೆಂದಿತ್ತೋ ಆ ಲಿಥಿಯಂ ಲೋಹದ ಮುಳ್ಳುಗಳೇ ಬೆಳೆದಾವು. ಕಾಯಲು ಬಂದವನೇ ಕನ್ನ ಕೊರೆದಂತಾಗುವುದು. ಆದ್ದರಿಂದಲೇ ಸುರುಳಿಯ ನಡುವಣ ಟೊಳ್ಳು ಅನೇಕ ಸಂಶೋಧಕರಿಗೆ ಪ್ರಿಯವಾದ ಸ್ಥಳವಾಗಿದೆ. ಆ ಜಾಗ ಹೇಗೂ ಖಾಲಿ. ಬಣವೆಯ ನಡುವಿನಂತೆ ಅತ್ಯಂತ ಬಿಸಿಯಾದ ಜಾಗವೂ ಅದೇ.

ಸುರುಳಿಯನ್ನು ಡಬ್ಬಿಗೆ ಇಳಿಸಿದ ಮೇಲಿನ ಕೆಲಸವೆಲ್ಲ ಶುಷ್ಕ ಕೊಠಡಿಗಳಲ್ಲಿ ನಡೆಯುತ್ತದೆ. ಅಲ್ಲಿಯ ಗಾಳಿಯಲ್ಲಿ ತೇವ ಎಷ್ಟು ಕಡಿಮೆಯೆಂದರೆ, ಸೊನ್ನೆಗಿಂತ 40 ಡಿಗ್ರಿ ಕೆಳಗೆ ತಣಿಸಿದರೂ ಇಬ್ಬನಿ ಕಟ್ಟದು. ಕೋಶದ ಲಿಥಿಯಂ ಲವಣವು ನೀರಿನ ಸೋಂಕು ತಗುಲಿದರೆ ಹೈಡ್ರೊಫ್ಲೂರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಈ ಕಟ್ಟುನಿಟ್ಟಿಗೆ ಅದೇ ಕಾರಣ. ಗಾಜನ್ನು ಕೊರೆಯಬಲ್ಲ ಆಮ್ಲವೂ ಇದೇ. ಎಂದಮೇಲೆ ಗಾಜಿನ ಎಳೆಗೆ ತಕ್ಕ ಪ್ಲಾಸ್ಟಿಕ್ ಹೊದಿಕೆಯನ್ನು ತೊಡಿಸಬೇಕು. ಆ ಹೊದಿಕೆ ಕೋಶದ ದ್ರವದಲ್ಲಿ ಕರಗಬಾರದು. ಕೊನೆಯದಾಗಿ, ಎಳೆ ಡಬ್ಬಿಯಿಂದ ಹೊರಬರುವ ಜಾಗ ವರ್ಷಾನುಗಟ್ಟಲೆ ಸೋರದಂತಿರಬೇಕು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದವರು ಇದಕ್ಕೆ ಬೇರೊಂದು ಉಪಾಯ ಹೂಡಿದರು. ಸಂವೇದಕವನ್ನೂ ಅದರ ಸಣ್ಣ ವಿದ್ಯುನ್ಮಂಡಲವನ್ನೂ ಕೋಶಕ್ಕೇ ಅಳವಡಿಸಿ, ಅಳತೆಯ ಸಂದೇಶವನ್ನು ಕೋಶದ ಎರಡು ಧ್ರುವಗಳ ಮೂಲಕವೇ ಹೊರಗೆ ಕಳಿಸುವ ಪ್ರಯೋಗ ಅದು. ಹೊರಗೆ ಬೇರೆ ತಂತಿಗಳ ಜಾಲವನ್ನು ಎಳೆಯಬೇಕಾದ ತೊಡಕು ಇದರಿಂದ ತಪ್ಪುತ್ತದೆ.

ಡಬ್ಬಿ ಮುಚ್ಚಿದ ಮೇಲೆ ಕೋಶಕ್ಕೆ ಮೊದಲ ಬಾರಿ ನಿಧಾನವಾಗಿ ವಿದ್ಯುತ್ ತುಂಬುತ್ತಾರೆ. ಗ್ರಾಫೈಟಿನ ಮೇಲೆ ರಕ್ಷಕ ಪದರ ರೂಪುಗೊಳ್ಳುವುದು ಆಗಲೇ. ಕೋಶದ ಆಯುಷ್ಯವೆಲ್ಲ ಈ ಪದರದ ಗುಣವನ್ನು ಅವಲಂಬಿಸಿದೆ. ಬಹುಕಾಲ ಕಾರ್ಖಾನೆಗಳು ಈ ಹಂತವನ್ನು ಅನುಭವದ ಆಧಾರದಿಂದಲೇ ನಡೆಸಿಕೊಂಡು ಬಂದುವು. ತರಾಸ್ಕಾನ್ ಅವರ ಪ್ರಯೋಗಗಳಲ್ಲಿ ಬೆಳಕಿನ ಎಳೆಯು ಈ ಪದರ ಹುಟ್ಟುವಾಗಿನ ಶಾಖವನ್ನು ಗುರುತಿಸಿತು. ಕೋಶವನ್ನು ಕೆಡವದೆ, ಕತ್ತರಿಸದೆ, ಅದರ ಹುಟ್ಟಿನ ಗಳಿಗೆಯನ್ನು ನೋಡಿದಂತಾಯಿತು.

ಸಂವೇದಕವು ಅಪಾಯವನ್ನು ಮಾತ್ರವಲ್ಲ, ಅನಗತ್ಯವಾದ ಭಯವನ್ನೂ ತೋರಿಸಿಕೊಡಬಲ್ಲದು. 2018ರಲ್ಲಿ ವಾರ್ವಿಕ್ಕಿನ ವಿಜ್ಞಾನಿಗಳು ಮಾರುಕಟ್ಟೆಯ ಕೋಶಗಳೊಳಗೆ ಸಂವೇದಕಗಳನ್ನಿರಿಸಿ ಪರೀಕ್ಷಿಸಿದರು. ತಯಾರಕರು ವಿಧಿಸಿದ ಮಿತಿಗಿಂತ ಐದು ಪಟ್ಟು ವೇಗದವರೆಗೆ ಅವುಗಳಿಗೆ ವಿದ್ಯುತ್ ತುಂಬಬಹುದೆಂದು ಕಂಡುಬಂದಿತು. ಒಳಗು ಕಾಣದವನು ಎಚ್ಚರಿಕೆಗಾಗಿ ಹತ್ತು ಹೆಜ್ಜೆ ಹಿಂದೆಯೇ ನಿಲ್ಲುತ್ತಾನೆ. ಅಂಚು ಎಲ್ಲಿದೆಯೆಂದು ಕಂಡವನು ಅದರ ಸಮೀಪದವರೆಗೆ ನಡೆಯಬಲ್ಲ. ಚೀನಾದ ಸಂಶೋಧಕರು 2023ರಲ್ಲಿ ಅಂಚನ್ನೇ ದಾಟಿ ನೋಡಿದರು. ಕೋಶವನ್ನು ಬೇಕೆಂದೇ ಕಾಯಿಸಿ ಹೊತ್ತಿಕೊಳ್ಳುವಂತೆ ಮಾಡಿ, ಒಳಗಿನ ಉಷ್ಣತೆ ಮತ್ತು ಒತ್ತಡ ಎರಡನ್ನೂ ಒಂದೇ ಎಳೆಯಿಂದ ಅಳೆದರು. ಸ್ಫೋಟಕ್ಕೆ ಮುನ್ನ ಈ ಎರಡರ ಏರಿಕೆಯಲ್ಲಿ ಒಂದು ತಿರುವು ಕಾಣುತ್ತದೆಂದೂ, ಅದನ್ನು ಮುನ್ನೆಚ್ಚರಿಕೆಯಾಗಿ ಬಳಸಬಹುದೆಂದೂ ತೋರಿಸಿದರು.

ಇಷ್ಟಾದರೂ ಸ್ಕೂಟರಿನ ಒಂದೊಂದು ಕೋಶದಲ್ಲೂ ಇಂಥ ಎಳೆಯೇಕಿಲ್ಲ? ಬೆಲೆಯೇ ಮುಖ್ಯ ಕಾರಣ. ಎಳೆ ಅಷ್ಟೇನೂ ದುಬಾರಿಯಲ್ಲ. ಹಿಂದಿರುಗುವ ಬೆಳಕನ್ನು ಓದುವ ಉಪಕರಣದ ಬೆಲೆ ಮಾತ್ರ ಒಂದು ಕೋಶದ ಬೆಲೆಯ ಸಾವಿರಾರು ಪಟ್ಟು. ಕೆಲವರು ಇದಕ್ಕೆ ಒಂದು ಸಮಾಧಾನ ಹೇಳುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಹಾಗೆಯೇ ಸಾವಿರದಲ್ಲಿ ಒಂದು ಕೋಶಕ್ಕೆ ಸಂವೇದಕವಿರಿಸಿ, ಅದರಿಂದ ಉಳಿದವುಗಳ ಗುಣವನ್ನು ಲೆಕ್ಕಹಾಕಿದರಾಯಿತು ಎಂಬುದು ಅವರ ವಾದ. ವಿದ್ಯುತ್ ತುಂಬುವ ವೇಗವನ್ನು ನಿರ್ಧರಿಸಲು, ಕೋಶ ಹಳತಾಗುವ ಬಗೆಯನ್ನು ತಿಳಿಯಲು ಈ ಮಾತು ಸರಿ. ಒಂದೇ ಮಡಕೆಯ ಅಗುಳುಗಳು ಒಂದೇ ರೀತಿ ಬೇಯುತ್ತವೆ. ಬೆಂಕಿಯ ವಿಷಯದಲ್ಲಿ ಅದು ಸಲ್ಲದು. ಲೋಹದ ಕಣವೊಂದು ಉಳಿದುಹೋದ ಕೋಶ ಲಕ್ಷದಲ್ಲಿ ಒಂದಾಗಿರಬಹುದು. ಅದು ಅನ್ನದೊಳಗಿನ ಕಲ್ಲು. ಅಗುಳು ಹಿಸುಕಿ ಕಲ್ಲನ್ನು ಕಂಡುಹಿಡಿಯಲಾಗದು. ಕಲ್ಲನ್ನು ಆರಿಸಬೇಕಾದರೆ ಇಡೀ ಅಕ್ಕಿಯನ್ನು ಮೊರದಲ್ಲಿ ಹಾಕಿ ನೋಡಬೇಕು. ಆದ್ದರಿಂದ ಅಗ್ಗದ ಸಂವೇದಕ, ಅಗ್ಗದ ಓದುಗ ಉಪಕರಣ ಇವೆರಡರ ಹುಡುಕಾಟ ಬಿಡುವಂಥದಲ್ಲ. ವಿಮಾನ ಮತ್ತು ಉಪಗ್ರಹಗಳಂಥ ಕಡೆಗಳಲ್ಲಿ ಬೆಲೆಗಿಂತ ಭದ್ರತೆಯೇ ದೊಡ್ಡದು. ಅಲ್ಲಿ ಇದು ಮೊದಲು ಬಳಕೆಗೆ ಬಂದು, ಆಮೇಲೆ ಸ್ಕೂಟರಿಗೆ ಇಳಿಯುವುದೆಂದು ಊಹಿಸಬಹುದು.

ಭಾರತದಲ್ಲಿ ಕೋಶಗಳನ್ನು ಕಟ್ಟುವ ಕೆಲಸವೇ ಇನ್ನೂ ಎಳೆಯದು. ಉಪಗ್ರಹಗಳಿಗಾಗಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವು ಬೆಳೆಸಿದ ಲಿಥಿಯಂ-ಅಯಾನು ಕೋಶದ ವಿದ್ಯೆಯನ್ನು ಇಸ್ರೋ ಸಂಸ್ಥೆಯು 2018ರಲ್ಲಿ ಕೈಗಾರಿಕೆಗಳಿಗೆ ಹಸ್ತಾಂತರಿಸಲು ಮುಂದಾಯಿತು. ಬೆಂಗಳೂರಿನ ಹೊರವಲಯದ ಹರಳೂರಿನ ಕೈಗಾರಿಕಾ ಪ್ರದೇಶದಲ್ಲಿ 2022ರಲ್ಲಿ ದೊಡ್ಡ ಕೋಶ ಕಾರ್ಖಾನೆಯೊಂದಕ್ಕೆ ಭೂಮಿಪೂಜೆ ನಡೆಯಿತು. ಎಳೆಯದಾಗಿರುವುದರಲ್ಲಿ ಒಂದು ಅನುಕೂಲವೂ ಉಂಟು. ಹಳೆಯ ಕಾರ್ಖಾನೆಯ ಯಂತ್ರಗಳ ಸಾಲಿನಲ್ಲಿ ಹೊಸ ಹಂತವೊಂದನ್ನು ತುರುಕುವುದು ಕಷ್ಟ. ಹೊಸದಾಗಿ ಕಟ್ಟುವಾಗ ಸಂವೇದಕಕ್ಕೆ ಜಾಗ ಬಿಡುವುದು ಅಷ್ಟು ಕಷ್ಟವಲ್ಲ. ನೌಬಾದಿನ ಶಿಲ್ಪಿಗಳು ಬಾವಿಗಳಿಗೆ ಜಾಗ ಬಿಟ್ಟೇ ಸುರಂಗವನ್ನು ಹೂಡಿದ್ದರು.

ಒಂದು ಪ್ರಶ್ನೆ ಮಾತ್ರ ಪ್ರಯೋಗಶಾಲೆಯ ಮೇಜಿನ ಮೇಲೆ ತೀರುವಂಥದಲ್ಲ. ಸಂವೇದಕವಿರುವ ಕೋಶವನ್ನು ಪ್ರಯೋಗಶಾಲೆಯವರು ಸಾಮಾನ್ಯವಾಗಿ ಪರೀಕ್ಷಿಸುವುದು ವಾರಗಟ್ಟಲೆ, ಹೆಚ್ಚೆಂದರೆ ತಿಂಗಳುಗಟ್ಟಲೆ. ಬೀದರ ಜಿಲ್ಲೆಯ ವಾಹನವೊಂದು ವೈಶಾಖದ 40 ಡಿಗ್ರಿಯ ಬಿಸಿಲಿನಲ್ಲಿ ಸಂತೆಯ ಬಯಲಿನಲ್ಲಿ ನಿಲ್ಲಬೇಕು. ಶ್ರಾವಣದಲ್ಲಿ ಎರೆಮಣ್ಣಿನ ಕೆಸರು ದಾರಿಯಲ್ಲಿ ಕುಲುಕಬೇಕು. ಹೀಗೆ ಎಂಟು ಹತ್ತು ವರ್ಷ ದುಡಿಯಬೇಕು. ಅಷ್ಟು ಕಾಲ ಆಮ್ಲದ ಸೋಂಕಿಗೆ ಸವೆಯದೆ, ಕುಲುಕಾಟಕ್ಕೆ ಮುರಿಯದೆ, ಅಳತೆ ತಪ್ಪದೆ ಆ ಗಾಜಿನ ಎಳೆ ಉಳಿಯಬೇಕು. ಹತ್ತನೆಯ ವರ್ಷದ ಒಂದು ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ಮಲಗಿರುವಾಗ ಕೋಶದ ನಡುವಿನ ಕಾವು ಏರತೊಡಗಿದರೆ, ಆಗಲೂ ಅದು ಎಚ್ಚರವಾಗಿದ್ದು ವಿದ್ಯುತ್ತನ್ನು ಕಡಿಯುವಂತೆ ನಿಯಂತ್ರಕ ಫಲಕಕ್ಕೆ ಸೂಚನೆ ಕೊಡಬೇಕು.